ಬೊಗಸೆ ಮತ್ತು ಬಾಟ್ಲಿ

ಕೆಲವು ವರ್ಷಗಳ ಹಿಂದಿನ ಒಂದು ಏಪ್ರಿಲ್ 13ರ ಸಂಜೆ. ಮಾರನೆಯ ದಿನ ಬಾಬಾಸಾಹೇಬರ ಜಯಂತಿ. ನಾವು ನಾಲ್ಕು ಜನ ಕರಪತ್ರದ ಕಟ್ಟು ಹೊತ್ತುಕೊಂಡು ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣದ ಕಡೆ ಓಡುತ್ತಿದ್ದೆವು. ಫುಟ್‌ಪಾತಿನ ಮೇಲೆ ಒಬ್ಬ ಬಿದ್ದಿದ್ದ. ಪಕ್ಕದಲ್ಲಿ ಸಿಮೆಂಟಿನ ಖಾಲಿ ಚೀಲ, ಅದರೊಳಗೆ ಬಟ್ಟೆ. "ಕುಡ್ದು ಬಿದ್ದವ್ನೆ, ನಡೀರಿ, ಬಸ್ ಹೋಯ್ತದೆ" ಅಂದ ನಮ್ಮಲ್ಲೊಬ್ಬ. ನಾವು ನಡೆದೆವು. ನಮ್ಮ ಕರಪತ್ರದ ತಲೆಯಲ್ಲಿ ಸ್ವಾತಂತ್ರ್ಯ, ಸಮಾನತೆ, ಸೋದರತೆ ಅಂತ ದಪ್ಪಕ್ಷರದಲ್ಲಿ ಅಚ್ಚಾಗಿತ್ತು.

ಬಸ್ಸು ಇನ್ನೂ ಬಂದಿರಲಿಲ್ಲ. ಅದಕ್ಕೇ ತಿರುಗಿ ನೋಡಿದೆವು. ರಸ್ತೆ ಗುಡಿಸುತ್ತಿದ್ದ ಪೌರಕಾರ್ಮಿಕ ತಾಯಿಯೊಬ್ಬರು ಪೊರಕೆ ಗೋಡೆಗೆ ಒರಗಿಸಿ, ಅವನ ತಲೆ ಎತ್ತಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಟೀ ಮಾರುವ ಹುಡುಗ ಒಂದು ಬನ್ನು, ಸಕ್ಕರೆ ಜಾಸ್ತಿ ಹಾಕಿದ ಒಂದು ಟೀ ತಂದುಕೊಟ್ಟ. ನಾವು ಹತ್ತಿರ ಹೋದೆವು. ಕುಡಿದ ವಾಸನೆ ಇರಲಿಲ್ಲ. ಆತ ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವನು. ಮೇಸ್ತ್ರಿ ಕೂಲಿ ಕೊಡದೆ ಓಡಿಸಿದ್ದ. ಎರಡು ದಿನದಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

ಆ ತಾಯಿ ತಮ್ಮ ನೀರಿನ ಬಾಟ್ಲಿ ಚಾಚಿದರು. ಆತ ಅದನ್ನು ಹಿಡಿಯಲಿಲ್ಲ. ಎರಡೂ ಕೈ ಜೋಡಿಸಿ ಬೊಗಸೆ ಒಡ್ಡಿದ. "ಮುಟ್ಟಂಗಿಲ್ರೀ ಯವ್ವಾ, ಮ್ಯಾಲಿಂದ ಹಾಕ್ರಿ" ಅಂದ. ನಮ್ಮ ಎದೆ ಧಸಕ್ಕೆಂದಿತು. ಆ ಬೊಗಸೆ ನಮಗೆ ಗೊತ್ತು. ನಮ್ಮ ಅಪ್ಪಂದಿರು ಜಗಲಿಯ ಕೆಳಗೆ ಕುಕ್ಕರುಗಾಲಲ್ಲಿ ಕೂತು ಒಡ್ಡಿದ ಬೊಗಸೆ ಅದು. ಚೊಂಬು ಎತ್ತರದಿಂದ ಬಗ್ಗುತ್ತಿತ್ತು, ಎಲ್ಲೂ ತಾಗದ ಹಾಗೆ.

"ಅಯ್ಯೋ, ಕೈ ಯಾಕಪ್ಪ ಒಡ್ತೀಯ, ಬಾಟ್ಲಿ ಹಿಡ್ಕೊಂಡು ಕುಡಿ" ಅಂದರು ಆ ತಾಯಿ. ಅವನ ಊರು ಕೇಳಿದರು. ಯಾವ ಜನ ಅಂತ ಕೇಳಲಿಲ್ಲ. ನಾವು ಜೇಬು ತಡಕಿ ಬಸ್ ಚಾರ್ಜು ಕೂಡಿಸಿ ಕೊಟ್ಟೆವು. ಅದನ್ನು ದಯೆ ಅನ್ನಲಾರೆವು. ಅದು ತಪ್ಪುಕಾಣಿಕೆ.

ಅವತ್ತಿನಿಂದ ಒಂದು ಪ್ರಶ್ನೆ ನಮ್ಮನ್ನು ಕೊರೆಯುತ್ತಿದೆ. ಹೋರಾಟದ ಜನಕ್ಕೆ ಈ ಸಣ್ಣ ದಯೆ ಬೇಕೋ ಬೇಡವೋ?

ಬೇಡ ಅನ್ನುವುದಕ್ಕೆ ನಮ್ಮ ಹತ್ತಿರ ಕಾರಣಗಳಿವೆ, ಅವು ಸುಳ್ಳೂ ಅಲ್ಲ. ಉಳ್ಳವರ ದಯೆಯ ರುಚಿ ನಾವು ಉಂಡವರು. ವರ್ಷವಿಡೀ ಜೀತ ಮಾಡಿಸಿಕೊಂಡವನು ಹಬ್ಬದ ದಿನ ಹಳೇ ಪಂಚೆ ಕೊಟ್ಟು ಧರ್ಮಾತ್ಮ ಅನ್ನಿಸಿಕೊಂಡ. ಕೂಲಿ ಕೇಳಿದರೆ ಒದೆ, ಕೈಯೊಡ್ಡಿದರೆ ತಂಗಳು. 2020ರ ಮಾರ್ಚ್ 24ರ ರಾತ್ರಿ 8 ಗಂಟೆಗೆ ಘೋಷಣೆಯಾಯಿತು, ನಡುರಾತ್ರಿಗೆ ದೇಶವೇ ಬಂದ್. ದುಡಿಯುವ ಜನ ಗಂಟುಮೂಟೆ ಹೊತ್ತು ಹೆದ್ದಾರಿಗೆ ಬಿದ್ದರು. ಬೆಂಗಳೂರಿನಲ್ಲಿ ಎಷ್ಟೋ ಜನ ಅನ್ನದ ಪೊಟ್ಟಣ ಹಂಚಿದರು. ಅವರಲ್ಲಿ ಕರುಳು ಮಿಡಿದವರಿದ್ದರು, ಫೋಟೋಕ್ಕೆ ನಿಂತವರೂ ಇದ್ದರು. ಆದರೆ ಮೇ 5ರಂದು ಬಿಲ್ಡರುಗಳ ಜೊತೆ ಸಭೆ ನಡೆಸಿದ ರಾಜ್ಯ ಸರ್ಕಾರ, ಕೂಲಿಗಳು ಊರು ಸೇರಬೇಕಿದ್ದ ರೈಲುಗಳನ್ನೇ ಬೇಡ ಅಂದಿತು. ಎಲ್ಲ ಕಡೆಯಿಂದ ಕೂಗೆದ್ದ ಮೇಲೆ ಆ ತೀರ್ಮಾನ ಹಿಂತೆಗೆದುಕೊಂಡಿತು. ಪೊಟ್ಟಣ ಹಂಚಿದ ಕೈಗಳಲ್ಲಿ ಎಷ್ಟು ಕೈ ಆವಾಗ ಮೇಲೆದ್ದವು?

ಹಾಗಂತ ನಾವು ಬಿದ್ದವನನ್ನು ದಾಟಿಕೊಂಡು ಹೋಗಬಹುದೇ? ಮೊದಲು ವ್ಯವಸ್ಥೆ ಬದಲಾಗಲಿ, ಆಮೇಲೆ ನಿನಗೆ ನೀರು ಅನ್ನಬಹುದೇ? ಬಾಯಾರಿಕೆ ಕ್ರಾಂತಿಯ ತನಕ ಕಾಯುವುದಿಲ್ಲ.

ಇದು ಬಾಬಾಸಾಹೇಬರಿಗೆ ಹತ್ತು ವರ್ಷದ ಹುಡುಗನಾಗಿದ್ದಾಗಲೇ ಗೊತ್ತಾಯಿತು. 1901ರಲ್ಲಿ ಅಣ್ಣನ ಜೊತೆ, ಬಂಧು ಮಕ್ಕಳ ಜೊತೆ ಸಾತಾರದಿಂದ ಅಪ್ಪನನ್ನು ನೋಡಲು ಹೊರಟ ಕಥೆಯನ್ನು ಅವರು 'ವೀಸಾಗಾಗಿ ಕಾಯುತ್ತಾ' ಎಂಬ ಬರಹದಲ್ಲಿ ಹೇಳಿದ್ದಾರೆ. ಮಸೂರ್ ಸ್ಟೇಷನ್ನಿನಲ್ಲಿ ಇಳಿದರು. ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಒಳ್ಳೆ ಬಟ್ಟೆ ತೊಟ್ಟ ಮಕ್ಕಳನ್ನು ಕಂಡು ಸ್ಟೇಷನ್ ಮಾಸ್ತರ ವಿಚಾರಿಸಿದ. ಮಹಾರರು ಅಂದ ತಕ್ಷಣ ಅವನ ಮುಖವೇ ಬದಲಾಯಿತು. ಕೊನೆಗೆ ದುಪ್ಪಟ್ಟು ಬಾಡಿಗೆ ಕೊಟ್ಟು, ಗಾಡಿಯನ್ನು ತಾವೇ ಹೊಡೆದುಕೊಂಡು ಹೋಗಬೇಕಾಯಿತು. ಬುತ್ತಿ ಇತ್ತು, ಕುಡಿಯುವ ನೀರು ಸಿಗದೆ ಮಕ್ಕಳು ಹಸಿದೇ ಮಲಗಿದರು.

ಆ ಮಾಸ್ತರ ಕೆಟ್ಟವನಾಗಿರಲಿಲ್ಲ. ಅವನಲ್ಲೂ ಕನಿಕರ ಇತ್ತು. ಆದರೆ ಆ ಕನಿಕರ ಜಾತಿಯ ಹೆಸರು ಕೇಳಿದ ಕೂಡಲೇ ಹಿಂದಕ್ಕೆ ಸರಿಯಿತು. ಹಾಗಾದರೆ ದಯೆಯನ್ನು ಅಳೆಯುವುದು ಹೇಗೆ? ಎಷ್ಟು ಕೊಟ್ಟ ಅಂತ ನೋಡಿ ಪ್ರಯೋಜನವಿಲ್ಲ. ಕೇಳಿ ಕೊಟ್ಟನೋ ಕೇಳದೆ ಕೊಟ್ಟನೋ, ಎಷ್ಟು ಎತ್ತರದಿಂದ ಕೊಟ್ಟ, ಅದನ್ನು ನೋಡಬೇಕು.

ಪಟ್ಟಣ ಜಾತಿ ಕೇಳಲ್ಲ ಅಂತಾರೆ. ಸಿಟಿ ಬಸ್ಸಿನ ಸೀಟು ಕೇಳುವುದಿಲ್ಲ, ನಿಜ. ಬಾಡಿಗೆ ಮನೆ ಕೇಳುತ್ತದೆ, "ನೀವು ವೆಜ್ಜಾ?" ಅಂತ. ಅವತ್ತು ಆ ತಾಯಿಯೇ ಹೇಳಿದರು. ತಾವು ಗುಡಿಸುವ ಬೀದಿಯ ಮನೆಗಳಲ್ಲಿ ನೀರು ಕೇಳಿದರೆ ಪ್ಲಾಸ್ಟಿಕ್ ಲೋಟದಲ್ಲಿ ಕೊಟ್ಟು, "ಕುಡಿದು ಅಲ್ಲೇ ಬಿಸಾಕಮ್ಮ" ಅಂತಾರಂತೆ. ಬೊಗಸೆ ಹೋಗಿ ಲೋಟ ಬಂತು, ಎತ್ತರ ಹಾಗೇ ಉಳಿಯಿತು. ಆದರೂ ಒಂದು ಮಾತು. ಊರಲ್ಲಿ ಮುಖ ನೋಡಿದರೆ ಕೇರಿ ಗೊತ್ತಾಗುತ್ತದೆ. ಪಟ್ಟಣದ ಬೀದಿಯಲ್ಲಿ ಬಿದ್ದವನು ಯಾರೆಂದು ಗೊತ್ತಾಗುವ ಮೊದಲೇ ಅವನಿಗೆ ಕೈ ಕೊಡಬಹುದು. ಆ ಸಣ್ಣ ಅವಕಾಶವನ್ನು ನಾವು ಬಿಡಬಾರದು.

ಕೈ ಕೊಡಲು ಭಯವೂ ಇದೆ. ಕೇಸು, ಸಾಕ್ಷಿ, ಸ್ಟೇಷನ್ ಅಂತ ಅಲೆಯೋರು ಯಾರು? ಹರಕು ಬಟ್ಟೆಯವನು ಗಾಯಾಳುವನ್ನು ಎತ್ತಿದರೆ ಮೊದಲ ಅನುಮಾನ ಅವನ ಮೇಲೇ. 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟು, ಅಪಘಾತದಲ್ಲಿ ನೆರವಾದವರನ್ನು ಪೀಡಿಸಬಾರದೆಂಬ ನಿಯಮಗಳಿಗೆ ಕಾನೂನಿನ ಬಲ ಕೊಟ್ಟಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೇ ಆ ರಕ್ಷಣೆ ಸೇರಿತು. ಈ ಸುದ್ದಿ ಕೇರಿಕೇರಿಗೂ ತಲುಪಬೇಕು. ದಯೆಗೂ ಕಾನೂನಿನ ಬೆಂಬಲ ಬೇಕಾಗುತ್ತದೆ ಅನ್ನುವುದಕ್ಕೆ ಇದು ಸಾಕ್ಷಿ.

ಆದರೆ ಕಾನೂನು ಮುಟ್ಟಲಾಗದ ಜಾಗ ಒಂದಿದೆ. ಸಮಾನತೆಗೆ ಸಂವಿಧಾನದಲ್ಲಿ 14ನೆಯ ವಿಧಿ ಇದೆ, ಅಸ್ಪೃಶ್ಯತೆಯ ವಿರುದ್ಧ 17ನೆಯ ವಿಧಿ ಇದೆ. ಸೋದರತೆ ಬೇಕು ಅಂತ ಯಾವ ಕೋರ್ಟಿನಲ್ಲಿ ದಾವೆ ಹಾಕುತ್ತೀರಿ? 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು, ಈ ಮೂರನ್ನು ಒಂದರಿಂದೊಂದು ಬೇರ್ಪಡಿಸಬಾರದೆಂದು ಎಚ್ಚರಿಸಿದ್ದರು. ಮೂರನೆಯದು ಹುಟ್ಟುವುದು ಫುಟ್‌ಪಾತಿನ ಮೇಲೆ, ಒಬ್ಬರ ಬಾಟ್ಲಿಗೆ ಇನ್ನೊಬ್ಬರ ಬಾಯಿ ತಾಗಿದಾಗ.

1927ರ ಮಾರ್ಚ್ 20ರಂದು ಮಹಾಡದಲ್ಲಿ ಬಾಬಾಸಾಹೇಬರು ಚವದಾರ್ ಕೆರೆಗಿಳಿದು ಬೊಗಸೆಯಲ್ಲಿ ನೀರೆತ್ತಿ ಕುಡಿದರು. ಅದೂ ಬೊಗಸೆಯೇ. ಆದರೆ ಮೇಲೆ ಚೊಂಬು ಇರಲಿಲ್ಲ. ನಾವು ಕೊಡುವ ನೀರು, ಪಡೆದವನನ್ನು ಆ ಕೆರೆಯ ದಾರಿಗೆ ಹಚ್ಚಬೇಕು. ಅವನನ್ನು ಮತ್ತೆ ಜಗಲಿಯ ಕೆಳಗೆ ಕೂರಿಸುವ ನೀರು ವಿಷ. ಆ ಕೂಲಿಯವನಿಗೆ ನಾವು ಬಸ್ ಚಾರ್ಜು ಕೊಟ್ಟು ಕೈ ತೊಳೆದುಕೊಂಡೆವು. ಅವನ ಮೇಸ್ತ್ರಿ ಯಾರು, ಬಾಕಿ ಕೂಲಿ ಎಷ್ಟು ಅಂತ ಕೇಳಬೇಕಿತ್ತು. ಕೇಳಲಿಲ್ಲ. ನಮ್ಮ ಎರಡನೆಯ ತಪ್ಪು ಅದು.

2022ರ ಜುಲೈನಲ್ಲಿ ಪೌರಕಾರ್ಮಿಕರು ಕೆಲಸ ನಿಲ್ಲಿಸಿ ಬೀದಿಗೆ ಬಂದರು. ನಮ್ಮನ್ನು ಕಾಯಂ ಮಾಡಿ ಅಂದರು, ಕನಿಕರ ತೋರಿ ಅನ್ನಲಿಲ್ಲ. ಅವರ ನಡುವೆ ಆ ತಾಯಿಯೂ ಇದ್ದರೋ ಏನೋ. ಬಿದ್ದವನ ತಲೆ ಎತ್ತಿದ ಕೈ, ಮುಷ್ಟಿ ಕಟ್ಟಿ ಮೇಲೆತ್ತಿದ ಕೈ, ಎರಡೂ ಆ ಜನದ್ದೇ. ದಯೆಗೂ ಹಕ್ಕಿಗೂ ಜಗಳ ಇದೆ ಅಂದುಕೊಂಡವರು ನಾವು, ಓದಿದವರು.

ಗೆಳೆಯರೇ, ಕರಪತ್ರ ಹಂಚೋಣ, ಬಿಡುವುದು ಬೇಡ. ಆದರೆ ದಾರಿಯಲ್ಲಿ ಯಾರಾದರೂ ಬಿದ್ದಿದ್ದರೆ ಕಟ್ಟು ಕೆಳಗಿಡೋಣ. ಈ ಬಸ್ಸು ಹೋದರೆ ಮುಂದಿನ ಬಸ್ಸು ಬರುತ್ತದೆ.