ಅಲಗಿನ ಬುಡದ ಅಕ್ಷರ

ಹಳೆಯ ಮಡಚುವ ಚಾಕುಗಳನ್ನು ಕೂಡಿಡುವ ಹುಚ್ಚು ನನಗೆ ಹತ್ತಿ ಹದಿನೈದು ವರ್ಷಗಳಾದವು. ಮನೆಗೆ ಬಂದವರು ಬೀರುವಿನ ಕೆಳಗಿನ ಡ್ರಾಯರ್ ಎಳೆದು ನೋಡಿ, ‘ಇಷ್ಟೊಂದು ಚಾಕು ಇಟ್ಕೊಂಡು ಏನ್ ಮಾಡ್ತೀರಿ?’ ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ನಗುತ್ತಾ ಹೇಳುವ ಒಂದಷ್ಟು ಉತ್ತರಗಳು ನನ್ನಲ್ಲಿವೆ. ‘ಇದು ನಿಮ್ಮ ಕೈಗೆ ಹೇಗೆ ಬಂತು?’ ಎಂದು ಮಾತ್ರ ಯಾರೂ ಕೇಳಿಲ್ಲ. ಅವುಗಳಲ್ಲಿ ಒಂದು ಚಾಕುವಿನ ಮಟ್ಟಿಗೆ, ಯಾರಾದರೂ ಹಾಗೆ ಕೇಳಿಬಿಟ್ಟಾರು ಎಂಬ ಅಳುಕು ನನಗಿದೆ.

ಚಾಕು ಗುರುತಿಸುವುದೆಂದರೆ ಒಂದು ಬಗೆಯ ಓದು. ಅಲಗನ್ನು ಬಿಡಿಸಿ, ಅದು ಹಿಡಿಯೊಳಗೆ ಸೇರುವ ಬುಡವನ್ನು ಭೂತಗನ್ನಡಿ ಹಿಡಿದು ನೋಡಬೇಕು. ತಯಾರಕ ತನ್ನ ಹೆಸರು, ಊರು, ಮುದ್ರೆಗಳನ್ನು ಒತ್ತಿರುವುದು ಅಲ್ಲೇ. ಅಮೆರಿಕದ ಕೇಸ್ ಕಂಪನಿ 1970ರಲ್ಲಿ ತನ್ನ ಮುದ್ರೆಯ ಜೊತೆ ಹತ್ತು ಚುಕ್ಕೆಗಳನ್ನು ಒತ್ತಿ, ಮುಂದೆ ವರ್ಷಕ್ಕೊಂದರಂತೆ ಕಡಿಮೆ ಮಾಡುತ್ತಾ ಹೋಯಿತು. ಚುಕ್ಕೆ ಎಣಿಸಿದರೆ ಚಾಕು ಹುಟ್ಟಿದ ವರ್ಷ ಸಿಗುತ್ತದೆ. ಫ್ರಾನ್ಸಿನ ಒಪಿನೆಲ್ ಚಾಕುವಿಗೆ ಅಲಗನ್ನು ಬಿಗಿಹಿಡಿಯುವ ತಿರುಗುಬಳೆ ಬಂದದ್ದು 1955ರಲ್ಲಿ. ಬಳೆ ಇದ್ದರೆ ಅದಕ್ಕಿಂತ ಹಳೆಯದಲ್ಲ. ‘ಸ್ಟೇನ್‌ಲೆಸ್’ ಎಂಬ ಪದ ಕಂಡರೆ, ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಆ ಉಕ್ಕನ್ನು ಕರಗಿಸಿದ 1913ರ ಈಚಿನದು. ಹಿಡಿಯೂ ಮಾತಾಡುತ್ತದೆ. ಮೂಳೆಯಾದರೆ ಸೂಜಿಮೊನೆಯಂಥ ರಂಧ್ರಗಳು ಕಾಣುತ್ತವೆ. ದಂತವಾದರೆ ಕೊನೆಯಲ್ಲಿ ಒಂದನ್ನೊಂದು ಹಾಯುವ ಗೆರೆಗಳಿರುತ್ತವೆ. ಸೆಲ್ಯುಲಾಯ್ಡ್ ಆದರೆ ಹೆಬ್ಬೆರಳಿನಿಂದ ಚೆನ್ನಾಗಿ ಉಜ್ಜಿ ಮೂಸಿ ನೋಡಿ, ಕರ್ಪೂರದ ವಾಸನೆ ಬರುತ್ತದೆ.

ಇದನ್ನೆಲ್ಲ ನಾನು ಸುಮ್ಮನೆ ಕಲಿಯಲಿಲ್ಲ. ಹೆಸರಾಂತ ತಯಾರಕನ ಹೆಸರಿನಲ್ಲಿ ಒಂದಕ್ಷರ ಆಚೀಚೆ ಮಾಡಿ ಒತ್ತಿದ ನಕಲಿಗಳಿಗೆ ದುಡ್ಡು ಸುರಿದಿದ್ದೇನೆ. ಬೇರೆ ಚಾಕುವಿನ ಅಲಗು ಕೂಡಿಸಿದ್ದನ್ನು ಅಸಲಿಯೆಂದು ನಂಬಿ ತಂದಿದ್ದೇನೆ. ಈ ಕಷ್ಟದ ಕಲಿಕೆಯೇ ಮುಂದೆ ನನ್ನ ಮುಖ್ಯ ಸಮರ್ಥನೆಯಾದದ್ದರಿಂದ ಇದನ್ನು ಹೇಳಬೇಕಾಯಿತು.

ನಾಲ್ಕು ವರ್ಷಗಳ ಹಿಂದೆ, ಬೆಂಗಳೂರಿನ ಪೇಟೆ ಬೀದಿಯಲ್ಲಿ ಭಾನುವಾರ ಬೆಳಗ್ಗೆ ಹರಡಿಕೊಳ್ಳುವ ಹಳೆ ಸಾಮಾನಿನ ಸಂತೆ. ಸಾಲಿನ ಕೊನೆಯಲ್ಲಿ ಒಬ್ಬ ಮುದುಕರು ಟವೆಲ್ಲಿನ ಮೇಲೆ ನಾಲ್ಕೈದು ವಸ್ತುಗಳನ್ನಿಟ್ಟುಕೊಂಡು ಕೂತಿದ್ದರು. ಒಂದು ಹಿತ್ತಾಳೆ ಸುಣ್ಣದ ಡಬ್ಬಿ, ಕನ್ನಡಕದ ಪೆಟ್ಟಿಗೆ, ನಿಂತುಹೋದ ಕೈಗಡಿಯಾರ, ಒಂದು ಚಾಕು. ನೋಡಿದರೆ ವ್ಯಾಪಾರದವರಲ್ಲ ಎಂದು ಗೊತ್ತಾಗುತ್ತಿತ್ತು. ಗಿರಾಕಿಯನ್ನು ಕೂಗುತ್ತಿರಲಿಲ್ಲ.

ಚಾಕು ಎತ್ತಿಕೊಂಡು ಉಗುರು ಸಿಕ್ಕಿಸಿ ಬಿಡಿಸಿದೆ. ಟಕ್ಕೆಂದು ತೆರೆಯಿತು, ಸ್ಪ್ರಿಂಗ್ ಇನ್ನೂ ಗಟ್ಟಿಯಾಗಿತ್ತು. ಮೂಳೆಯ ಹಿಡಿ ಹಳದಿಗಟ್ಟಿತ್ತು. ಸಾಣೆ ಕಂಡು ಕಂಡು ಅಲಗಿನ ನಡುಭಾಗ ಸವೆದಿತ್ತು. ಬುಡದಲ್ಲಿ ವಿ ಮತ್ತು ಆರ್ ಅಕ್ಷರಗಳ ನಡುವೆ ಕಿರೀಟ, ಪಕ್ಕದಲ್ಲಿ ನಕ್ಷತ್ರ ಮತ್ತು ಶಿಲುಬೆ, ಜೋಸೆಫ್ ರಾಜರ್ಸ್ ಅಂಡ್ ಸನ್ಸ್, ನಂಬರ್ 6, ನಾರ್‌ಫೋಕ್ ಸ್ಟ್ರೀಟ್, ಶೆಫೀಲ್ಡ್. ವಿ ಎಂದರೆ ವಿಕ್ಟೋರಿಯಾ, 1837ರಿಂದ 1901. ‘ಇಂಗ್ಲೆಂಡ್’ ಎಂಬ ಪದ ಇರಲಿಲ್ಲ. ಆಮದು ಸರಕಿನ ಮೇಲೆ ಅದು ಹುಟ್ಟಿದ ದೇಶದ ಹೆಸರು ಇರಲೇಬೇಕೆಂದು ಅಮೆರಿಕ 1890ರಲ್ಲಿ ಕಾಯಿದೆ ಮಾಡಿದ ಮೇಲೆ ಆ ಪದವನ್ನು ಒತ್ತುವ ರೂಢಿ ಹೆಚ್ಚಿತು. ಇಲ್ಲದಿರುವುದು ಪುರಾವೆಯಲ್ಲ, ಸುಳಿವು ಮಾತ್ರ. ಆದರೂ ನನ್ನ ಎದೆ ಹೊಡೆದುಕೊಳ್ಳಲು ಅಷ್ಟು ಸಾಕಾಯಿತು.

‘ನಮ್ಮಪ್ಪಂದು ಸಾರ್’ ಎಂದರು ಮುದುಕರು. ‘ಎಲೆಅಡಿಕೆ ಚೀಲದಲ್ಲೇ ಇರ್ತಿತ್ತು. ಇದಕ್ಕೇನು ಬೆಲೆ ಬರಬಹುದು ಸಾರ್?’

‘ನೀವೇ ಹೇಳಿ ಯಜಮಾನ್ರೇ, ನೀವು ಹೇಳಿದಷ್ಟು ಕೊಡ್ತೀನಿ’ ಎಂದೆ.

ಅವರು ಸ್ವಲ್ಪ ಹೊತ್ತು ಯೋಚಿಸಿ, ಹೆಚ್ಚಾಯಿತೇನೋ ಎಂಬ ಸಂಕೋಚದಲ್ಲಿ, ‘ಒಂದ್ ನೂರೈವತ್ತು?’ ಎಂದರು. ಚೌಕಾಸಿ ಮಾಡದೆ ಕೊಟ್ಟೆ. ಅವರು ಕೈಮುಗಿದರು. ಸಂಗ್ರಾಹಕರ ನಡುವೆ ಆ ಚಾಕುವಿಗೆ ಕೆಲವು ಸಾವಿರವಾದರೂ ಸಿಗುತ್ತಿತ್ತು.

ಮನೆಗೆ ಬರುವಷ್ಟರಲ್ಲಿ ನನ್ನೊಳಗಿನ ವಕೀಲ ಎದ್ದು ಕೂತಿದ್ದ. ನಾನು ಸುಳ್ಳು ಹೇಳಲಿಲ್ಲ, ಅವರು ಕೇಳಿದ ಬೆಲೆಯನ್ನೇ ಕೊಟ್ಟೆ, ನಾನು ಕೊಳ್ಳದಿದ್ದರೆ ಅದು ಗುಜರಿಗೆ ಹೋಗುತ್ತಿತ್ತು ಎಂದು ವಾದಿಸಿದ. ಇನ್ನೂ ಒಂದು ವಾದವಿತ್ತು: ಆ ಅಕ್ಷರ ಓದಲು ನಾನು ವರ್ಷಗಟ್ಟಲೆ ಬೆಲೆ ತೆತ್ತಿದ್ದೇನೆ, ಕಲಿತದ್ದರಿಂದ ಲಾಭವೇ ಇಲ್ಲದಿದ್ದರೆ ಯಾರು ತಾನೇ ಕಲಿಯುತ್ತಾರೆ?

ಇವು ಪೊಳ್ಳು ವಾದಗಳಲ್ಲ. ಕ್ರಿಸ್ತಪೂರ್ವ 44ರಲ್ಲಿ ರೋಮಿನ ಸಿಸೆರೊ ಕರ್ತವ್ಯಗಳ ಬಗ್ಗೆ ಬರೆಯುತ್ತಾ ಇಂಥದ್ದೇ ಒಂದು ಸಂದರ್ಭವನ್ನು ಚರ್ಚಿಸಿದ. ರೋಡ್ಸ್ ದ್ವೀಪದಲ್ಲಿ ಬರ. ಒಬ್ಬ ವ್ಯಾಪಾರಿ ಅಲೆಕ್ಸಾಂಡ್ರಿಯಾದಿಂದ ಧಾನ್ಯ ತಂದಿದ್ದಾನೆ. ಹಿಂದೆಯೇ ಇನ್ನಷ್ಟು ಹಡಗುಗಳು ಬರುತ್ತಿರುವುದು ಅವನಿಗೆ ಮಾತ್ರ ಗೊತ್ತು. ಹೇಳಬೇಕೆ? ಹೇಳದಿರುವುದು ಬೇರೆ, ಮುಚ್ಚಿಡುವುದು ಬೇರೆ ಎಂದ ಬ್ಯಾಬಿಲೋನಿನ ಡಯೋಜಿನಿಸ್. ಅವನ ಶಿಷ್ಯ ಆಂಟಿಪೇಟರ್ ಒಪ್ಪಲಿಲ್ಲ; ಮನುಷ್ಯ ಮನುಷ್ಯನಿಗೆ ಕಟ್ಟುಬಿದ್ದವನು, ಹೇಳಲೇಬೇಕು ಎಂದ. ಸಿಸೆರೊ ಶಿಷ್ಯನ ಕಡೆ ನಿಂತ.

ಅಲ್ಲಿ ಗುಟ್ಟು ಮಾರುವವನದು. ನನ್ನಂತೆ ಕೊಳ್ಳುವವನದಾದರೆ? ಅದಕ್ಕೂ ಒಂದು ಮೊಕದ್ದಮೆ ಇದೆ. 1815ರಲ್ಲಿ ನ್ಯೂ ಆರ್ಲಿಯನ್ಸ್‌ನ ಆರ್ಗನ್ ಎಂಬ ವ್ಯಾಪಾರಿಗೆ, ಬ್ರಿಟನ್ನಿನ ಜೊತೆಗಿನ ಯುದ್ಧ ಮುಗಿದ ಸುದ್ದಿ ಊರಿಗಿಂತ ಮೊದಲೇ ಸಿಕ್ಕಿತು. ಬೆಲೆ ಏರುವ ಮುನ್ನವೇ ಹೊಗೆಸೊಪ್ಪು ಕೊಂಡುಬಿಟ್ಟ. ಎರಡು ವರ್ಷದ ನಂತರ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಮುಖ್ಯ ನ್ಯಾಯಮೂರ್ತಿ ಮಾರ್ಷಲ್, ಕೊಳ್ಳುವವನು ತನಗೆ ಗೊತ್ತಿದ್ದುದನ್ನು ಹೇಳಲೇಬೇಕೆಂದಿಲ್ಲ ಎಂದರು. ಇದನ್ನು ಓದಿದಾಗ ನನಗೆ ಬಿಡುಗಡೆಯಾದಂತೆನಿಸಿತು. ಆದರೆ ಮೊಕದ್ದಮೆಯಲ್ಲಿ ಇನ್ನೊಂದು ವಿವರವಿತ್ತು. ಬೆಲೆ ಏರಿಸುವಂಥ ಸುದ್ದಿಯೇನಾದರೂ ಇದೆಯೇ ಎಂದು ಮಾರುವ ಕಡೆಯವನು ಕೇಳಿದ್ದ. ಅಲ್ಲಿ ಮೋಸ ನಡೆಯಿತೇ ಇಲ್ಲವೇ ಎಂಬುದನ್ನು ಜ್ಯೂರಿಯೇ ನಿರ್ಧರಿಸಲಿ ಎಂದು ಕೋರ್ಟು ಮರುವಿಚಾರಣೆಗೆ ಕಳಿಸಿತ್ತು.

ನನ್ನ ಮುದುಕರೂ ಕೇಳಿದ್ದರು. ‘ಇದಕ್ಕೇನು ಬೆಲೆ ಬರಬಹುದು’ ಎಂಬುದು ಚೌಕಾಸಿಯ ಮೊದಲ ಪಟ್ಟಲ್ಲ, ಗೊತ್ತಿಲ್ಲದವರು ಗೊತ್ತಿರುವವನನ್ನು ಕೇಳಿದ ಪ್ರಶ್ನೆ. ಭೂತಗನ್ನಡಿ ಹಿಡಿದು ನೋಡುತ್ತಿದ್ದವನಿಗೆ ತಿಳಿದೀತೆಂದು ಕೇಳಿದರು. ‘ನೀವು ಹೇಳಿದಷ್ಟು ಕೊಡ್ತೀನಿ’ ಎಂಬ ನನ್ನ ಉತ್ತರ ಔದಾರ್ಯದಂತೆ ಕೇಳಿಸಿತು. ಅದಕ್ಕೇ ಅದು ಸುಳ್ಳಿಗಿಂತ ಚೆನ್ನಾಗಿ ಕೆಲಸ ಮಾಡಿತು. ಸುಳ್ಳು ಹೇಳಿದ್ದರೆ ಅವರಿಗೆ ಅನುಮಾನವಾದರೂ ಬರುತ್ತಿತ್ತು.

ನನ್ನನ್ನು ಇನ್ನೂ ಹೆಚ್ಚು ಕಾಡಿದ್ದು ಆ ಮುದ್ರೆಯೇ. ಶೆಫೀಲ್ಡಿನ ಚಾಕು ತಯಾರಕರ ಸಂಘವನ್ನು ಪಾರ್ಲಿಮೆಂಟಿನ ಕಾಯಿದೆಯ ಮೂಲಕ ಸ್ಥಾಪಿಸಿದ್ದು 1624ರಲ್ಲಿ. ಯಾರ ಮುದ್ರೆ ಯಾರದು ಎಂದು ಕಾಯುವುದು ಅದರ ಮುಖ್ಯ ಕೆಲಸಗಳಲ್ಲೊಂದು. ಉಕ್ಕು ಒಳ್ಳೆಯದೋ ಕೆಟ್ಟದ್ದೋ ಎನ್ನುವುದು ಮಾಡಿದವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಾಗುವುದಿಲ್ಲ. ಆ ಅಂತರ ಮುಚ್ಚಲು ಬಂದದ್ದು ಮುದ್ರೆ. ತಿಳಿದವನು ತಿಳಿಯದವನಿಗೆ ಕೊಟ್ಟ ಮಾತು ಅದು. ತಿಳಿಯದವರಿಗಾಗಿ ಒತ್ತಿದ ಆ ಅಕ್ಷರಗಳನ್ನೇ ಓದಿಕೊಂಡು, ನಾನು ಒಬ್ಬ ತಿಳಿಯದವರಿಂದ ಅವರ ಅಪ್ಪನ ಚಾಕುವನ್ನು ತೆಗೆದುಕೊಂಡು ಬಂದೆ.

ಕಲಿಕೆಗೆ ಪ್ರತಿಫಲ ಬೇಡವೇ? ಬೇಕು. ಅಂಗಡಿ ಹರಡಿ ಕೂತ ವ್ಯಾಪಾರಿಯ ಎದುರು ನಾನು ಈಗಲೂ ಬಾಯಿ ಬಿಡುವುದಿಲ್ಲ. ಅವನೂ ಅಗ್ಗಕ್ಕೆ ತಂದವನೇ, ಎದುರಿನವನಿಗೆ ಹೆಚ್ಚು ಗೊತ್ತಿರಬಹುದೆಂದು ತಿಳಿದೇ ಆಟಕ್ಕಿಳಿದವನು. ಮನೆಯ ವಸ್ತುವನ್ನು ಟವೆಲ್ಲಿನ ಮೇಲೆ ಇಟ್ಟುಕೊಂಡು ಕೂತವರು ಆಟಕ್ಕೆ ಬಂದವರಲ್ಲ. ಅವರೆದುರು ನನ್ನ ಕಲಿಕೆಯಿಂದ ಚಾಕು ಅಸಲಿಯೆಂದು ತಿಳಿಯುವ ಲಾಭ ನನಗೆ ಸಿಕ್ಕೇ ಸಿಗುತ್ತದೆ. ಅದಕ್ಕಿಂತ ಹೆಚ್ಚಿನದು ನನ್ನದಲ್ಲ.

ಆಯ್ದಕ್ಕಿ ಮಾರಯ್ಯನ ಕಥೆ ನಮಗೆಲ್ಲ ಗೊತ್ತು. ಅವನು ಕದ್ದವನಲ್ಲ, ಬೇಡಿದವನಲ್ಲ. ನೆಲದ ಮೇಲೆ ಚೆಲ್ಲಿದ್ದನ್ನು ಆಯ್ದವನು. ಆದರೂ ಎಂದಿಗಿಂತ ಹೆಚ್ಚು ಅಕ್ಕಿ ತಂದ ದಿನ, ಅದನ್ನು ತಂದಲ್ಲೇ ಸುರಿದು ಬಾ ಎಂದು ಲಕ್ಕಮ್ಮ ಕಳಿಸಿದಳು. ಚಿಕ್ಕಂದಿನಲ್ಲಿ ಇದು ಅತಿಯಾಯಿತು ಅನ್ನಿಸುತ್ತಿತ್ತು. ನಾನೂ ಆಯುವವನೇ ಆದ ಮೇಲೆ ಕಥೆಯ ಚುರುಕು ತಟ್ಟಿತು. ಆಯುವವನಿಗೆ ಕಣ್ಣು ಚುರುಕಿದ್ದರೆ ಸಾಲದು. ಎಷ್ಟು ತನ್ನದು ಎಂಬ ಅಳತೆಯೂ ಗೊತ್ತಿರಬೇಕು. ಮಾರಯ್ಯನ ಮನೆಯಲ್ಲಿ ಆ ಅಳತೆ ಬಲ್ಲವಳು ಲಕ್ಕಮ್ಮ.

ಹೋದ ವರ್ಷ ಅದೇ ಸಂತೆಯಲ್ಲಿ ಒಬ್ಬ ಹೆಂಗಸು ಕರ್ಪೂರ ವಾಸನೆಯ ಹಿಡಿಯ ಒಂದು ಚಾಕು ತಂದಿದ್ದರು. ‘ಇನ್ನೂರು ಕೊಡಿ’ ಎಂದರು. ‘ಅಮ್ಮಾ, ಇದು ಅದಕ್ಕಿಂತ ಹೆಚ್ಚು ಬಾಳುತ್ತೆ’ ಎಂದು ಯಾಕೆಂಬುದನ್ನೂ ವಿವರಿಸಿದೆ. ಅವರು ನನ್ನ ಮುಖವನ್ನೇ ಅನುಮಾನದಿಂದ ನೋಡಿದರು, ಚಾಕುವನ್ನು ಸೆರಗಿಗೆ ಕಟ್ಟಿಕೊಂಡರು, ‘ಹಾಗಾದ್ರೆ ಮಗನ್ನ ಕೇಳ್ತೀನಿ’ ಎಂದು ಹೊರಟೇಹೋದರು. ನನಗೆ ಚಾಕೂ ಸಿಗಲಿಲ್ಲ, ಪುಣ್ಯಾತ್ಮನೆಂಬ ಮಾತೂ ಸಿಗಲಿಲ್ಲ. ಬಸ್ಸಿನಲ್ಲಿ ಕೂತಾಗ ಹೊಟ್ಟೆಯುರಿಯಿತು ಎಂಬುದನ್ನೂ ಹೇಳಿಬಿಡುತ್ತೇನೆ.

ನನ್ನದೊಂದು ದಾಖಲೆ ಪುಸ್ತಕವಿದೆ. ಪ್ರತಿ ಚಾಕುವಿಗೂ ತಯಾರಕ, ಊರು, ಕಾಲ, ಹಿಡಿ, ಬಂದ ಬಗೆ ಎಂದು ಐದು ಖಾನೆ. ಆ ರಾಜರ್ಸ್ ಚಾಕುವಿಗೆ ಮೊದಲ ನಾಲ್ಕು ಖಾನೆ ತುಂಬಿವೆ. ಅದನ್ನು ಅರವತ್ತೋ ಎಪ್ಪತ್ತೋ ವರ್ಷ ಎಲೆಅಡಿಕೆ ಚೀಲದಲ್ಲಿಟ್ಟುಕೊಂಡು ಅಲಗು ಸವೆಸಿದವರ ಹೆಸರೇನು, ಯಾವ ಊರು ಎಂದು ನಾನು ಕೇಳಿರಲಿಲ್ಲ. ಶೆಫೀಲ್ಡಿನ ಬೀದಿಯ ಮನೆ ನಂಬರು ಗೊತ್ತಿದ್ದವನಿಗೆ ಎದುರು ಕೂತವರ ಹೆಸರು ಬೇಕೆನಿಸಿರಲಿಲ್ಲ.

ಈಗ ಸಂತೆಗೆ ಹೋಗುವಾಗ ಆ ಚಾಕುವನ್ನು ಜೇಬಿನಲ್ಲಿಟ್ಟುಕೊಂಡೇ ಹೋಗುತ್ತೇನೆ. ಅವರು ಮತ್ತೆ ಕಂಡಿಲ್ಲ. ಕಂಡರೆ ಚಾಕುವನ್ನೇ ಹಿಂದಿರುಗಿಸುತ್ತೇನೋ, ಬರೀ ದುಡ್ಡು ಕೊಟ್ಟು ಮುಗಿಸುತ್ತೇನೋ, ಅದನ್ನು ಮಾತ್ರ ಇನ್ನೂ ತೀರ್ಮಾನ ಮಾಡಲಾಗಿಲ್ಲ.