ಹಗ್ಗದ ಜೊತೆ ಹರಕು ಬಟ್ಟೆ

ಯೆರೆಮೀಯ 38ನೇ ಅಧ್ಯಾಯ ತೆಗೀರಿ, 7ರಿಂದ 13ನೇ ವಚನ. ಮೊಬೈಲಲ್ಲಿ ತೆಗೆಯೋರು ಹಾಗೇ ವಾಟ್ಸಾಪ್‌ಗೆ ಜಾರಬೇಡಿ!

ನಮ್ಮ ಯೂತ್‌ನ ಕೆಲವರು ಬಂದು ಕೇಳಿದ್ರು: “ಪಾಸ್ಟರ್, ಜನ ಪಿಜಿ ಬಿಡುವಾಗ, ಮನೆ ಶಿಫ್ಟ್ ಮಾಡುವಾಗ ಮಂಚ, ಮಿಕ್ಸಿ, ಬಟ್ಟೆ ಎಲ್ಲ ಬಿಟ್ಟು ಹೋಗ್ತಾರೆ. ಅದನ್ನ ತಂದು ರಿಪೇರಿ ಮಾಡಿ ಕಡಿಮೆ ಬೆಲೆಗೆ ಮಾರೋ ಅಂಗಡಿ ಇಡ್ತೀವಿ. ಆದ್ರೆ ಬಡವರ ಹತ್ರ ದುಡ್ಡು ತಗೊಂಡ್ರೆ ಅದು ಸೇವೆ ಆಗುತ್ತಾ?” ಒಳ್ಳೇ ಪ್ರಶ್ನೆ. ವಾಕ್ಯಕ್ಕೆ ಹೋಗೋಣ.

ಬಾಬೆಲಿನ ಸೈನ್ಯ ಯೆರೂಸಲೇಮನ್ನು ಮುತ್ತಿದೆ. ಪ್ರವಾದಿಯನ್ನ ಬಾವಿಗೆ ಇಳಿಸಿಬಿಟ್ಟಿದ್ದಾರೆ. ನೀರಿಲ್ಲ, ಬರೀ ಕೆಸರು. ಅರಮನೆಯ ಸೇವಕ ಎಬೆದ್ಮೆಲೆಕ, ಕೂಷ್ ದೇಶದವನು, ಅರಸನ ಹತ್ರ ಮಾತಾಡಿ ಅಪ್ಪಣೆ ಪಡೆದ. ಜೊತೆಗೆ ಆಳುಗಳೂ ಸಿಕ್ಕಿದ್ರು. ಆದ್ರೆ ನೇರ ಬಾವಿಗೆ ಓಡಲಿಲ್ಲ ನೋಡಿ. ಬೊಕ್ಕಸದ ಕೆಳಗಿನ ಕೋಣೆಗೆ ಹೋದ. ಮೇಲೆ ಅರಸನ ಬೊಕ್ಕಸ ಇದೆ, ಇವನಿಗೆ ಬೇಕಾಗಿದ್ದು ಕೆಳಗೆ ಬಿದ್ದಿದ್ದ ಹರಕು ಬಟ್ಟೆ! ಅದನ್ನ ಹಗ್ಗದಿಂದ ಇಳಿಸಿ, ಕಂಕುಳಲ್ಲಿಟ್ಟುಕೊಂಡು ಆಮೇಲೆ ಹಗ್ಗ ಹಾಕಿಕೋ ಅಂದ. ಮುತ್ತಿಗೆಯ ಕಾಲ, ಸೊರಗಿದ ಮೈ, ಬರೀ ಹಗ್ಗದಲ್ಲಿ ಎಳೆದ್ರೆ ಕೊಯ್ಯುತ್ತೆ. ಹಗ್ಗ ಎಲ್ಲಿ ಉಜ್ಜುತ್ತೆ ಅಂತ ಮೊದಲೇ ಯೋಚಿಸಿದ್ದ ಪುಣ್ಯಾತ್ಮ.

ನಾವು ಹಾಗೆ ಯೋಚಿಸ್ತೀವಾ? ಗುಂಡಿ ಇಲ್ಲದ ಶರ್ಟು, ಸುಟ್ಟ ಮಿಕ್ಸಿ, ಒಂದೇ ಕಾಲಿನ ಚಪ್ಪಲಿ ಚೀಲಕ್ಕೆ ತುಂಬಿ ‘ದಾನ’ ಅಂತೀವಿ. 2004ರ ಸುನಾಮಿ ಆದಾಗ ತಮಿಳುನಾಡಿಗೆ ಹೋದ ಬಟ್ಟೆಯಲ್ಲಿ ಎಷ್ಟೋ ರಸ್ತೆ ಬದಿಯಲ್ಲೇ ರಾಶಿ ಬಿದ್ದಿತ್ತು, ಅಲ್ಲಿಯವರು ಉಡೋಕೆ ಆಗುವಂಥದ್ದಲ್ಲ. ಮನೆ ಖಾಲಿ ಆಯ್ತು ಅನ್ನೋ ಸಮಾಧಾನ ಕೊಟ್ಟವರಿಗೆ ಸಿಕ್ತು, ಅಷ್ಟೇ.

1902ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಎಡ್ಗರ್ ಹೆಲ್ಮ್ಸ್ ಅನ್ನೋ ಮೆಥಡಿಸ್ಟ್ ಪಾಸ್ಟರ್ ಗೋಣಿಚೀಲ ಹಿಡಿದು ಸಿರಿವಂತರ ಮನೆಗಳಿಗೆ ಹೋಗಿ ಹಳೇ ಬಟ್ಟೆ, ಸಾಮಾನು ಕೇಳಿ ತಂದರು. ಕೆಲಸ ಇಲ್ಲದವರ ಕೈಗೆ ಅದನ್ನೇ ಕೊಟ್ಟು ಹೊಲಿಸಿದರು, ರಿಪೇರಿ ಮಾಡಿಸಿದರು, ಅಗ್ಗಕ್ಕೆ ಮಾರಿ ಬಂದ ದುಡ್ಡಲ್ಲಿ ಅವರಿಗೇ ಕೂಲಿ ಕೊಟ್ಟರು. ಅದೇ ಗುಡ್‌ವಿಲ್, ಇವತ್ತಿಗೂ ನಡೀತಿದೆ. (ಪಾಸ್ಟರ್ ಅಂಗಡಿ ಇಟ್ಟರು ಅಂತ ಆಗಲೂ ಯಾರೋ ಗೊಣಗಿರ್ತಾರೆ ಬಿಡಿ.)

ನಮ್ಮ ದೇಶದಲ್ಲಿ ಅಂಶು ಗುಪ್ತಾ 1999ರಲ್ಲಿ ದೆಹಲಿಯಲ್ಲಿ ‘ಗೂಂಜ್’ ಶುರು ಮಾಡಿದ್ದು ಮನೆಯಲ್ಲೇ ಇದ್ದ 67 ಬಟ್ಟೆಗಳಿಂದ. 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಹಳ್ಳಿಯವರೇ ಕೂತು ಬಾವಿ ತೋಡಬೇಕಾ, ರಸ್ತೆ ಸರಿ ಮಾಡಬೇಕಾ ಅಂತ ತೀರ್ಮಾನ ಮಾಡ್ತಾರೆ. ಆ ಕೆಲಸಕ್ಕೆ ಪ್ರತಿಯಾಗಿ ಬಟ್ಟೆ ಸಿಗುತ್ತೆ. ಅವರು ಸಭೆಯವರಲ್ಲ, ಅವರಿಂದ ಏನು ಕಲಿಯೋದು ಅಂತೀರಾ? ಎಬೆದ್ಮೆಲೆಕ ಇಸ್ರಾಯೇಲ್ಯನಾ?

ಈಗ ನಿಮ್ಮ ಪ್ರಶ್ನೆ. ಐವತ್ತು ರೂಪಾಯಿ ಹಿಡ್ಕೊಂಡು ಬಂದ ತಾಯಿ ಸೀರೆಯನ್ನ ತಿರುಗಿಸಿ, ಸೆರಗು ನೋಡಿ, “ಇದು ಬೇಡಪ್ಪ, ಆ ಹಸಿರು ತೋರಿಸು, ಮೂವತ್ತಕ್ಕೆ ಕೊಡು” ಅನ್ನಬಹುದು. ಫ್ರೀ ಕ್ಯೂನಲ್ಲಿ ನಿಂತವಳಿಗೆ ಆ ಬಾಯಿ ಇರಲ್ಲ, ಕೊಟ್ಟದ್ದು ತಗೊಂಡು ಕೈ ಮುಗಿಯಬೇಕು. ಹಾಗಾಗಿ ಬೆಲೆ ಇಡಿ. ಹೊಲಿಯೋ ಅಕ್ಕನಿಗೆ, ಮಿಕ್ಸಿ ಬಿಚ್ಚೋ ಅಣ್ಣನಿಗೆ ತಿಂಗಳ ಕೊನೆಗೆ ಸರಿಯಾಗಿ ಸಂಬಳ ಕೊಡಿ. “ಕರ್ತನ ಕೆಲಸ” ಅಂತ ಹೇಳಿ ಪುಕ್ಕಟೆ ದುಡಿಸಬೇಡಿ. ದುಡ್ಡೇ ಇಲ್ಲದೆ ಬಂದವರಿಗೂ ಅದೇ ಅಂಗಡಿಯಲ್ಲಿ ಆರಿಸಿಕೊಳ್ಳೋಕೆ ಬಿಡಿ, ಯಾರಿಗೂ ಗೊತ್ತಾಗದ ಹಾಗೆ.

ಒಂದು ಭಯ ನನಗಿದೆ. ಚೆನ್ನಾಗಿರೋದನ್ನ ಮೊದಲು ನೀವೇ ಎತ್ತಿಟ್ಟುಕೊಳ್ತೀರಿ, ಆಮೇಲೆ ಇನ್‌ಸ್ಟಾಗ್ರಾಂನಲ್ಲಿ ‘ವಿಂಟೇಜ್’ ಅಂತ ಹಾಕಿ ಬೆಲೆ ಏರಿಸ್ತೀರಿ. ಆವತ್ತು ಆ ತಾಯಿ ಬಾಗಿಲಿಂದಲೇ ವಾಪಸ್ ಹೋಗ್ತಾಳೆ. ಲೆಕ್ಕದ ಪುಸ್ತಕ ಸಭೆಯ ಮುಂದೆ ತೆರೆದಿಡಿ.

ಮುಂದಿನ ಭಾನುವಾರ ಎಲ್ಲರೂ ತನ್ನಿ. ಒಗೆದು, ಇಸ್ತ್ರಿ ಮಾಡಿ, ಗುಂಡಿ ಹಾಕಿಸಿ ತನ್ನಿ. ಮಿಕ್ಸಿ ಜೊತೆ ಜಾರ್ ಇರಲಿ. ಕೆಟ್ಟಿದ್ರೆ ಏನು ಕೆಟ್ಟಿದೆ ಅಂತ ಚೀಟಿ ಬರೆದು ಅಂಟಿಸಿ. ಈಗ ಎದ್ದು ನಿಲ್ಲಿ. ಅಂಗಡಿ ಇಡ್ತೀವಿ ಅಂದ ಮಕ್ಕಳು ಮುಂದೆ ಬನ್ನಿ, ನಿಮ್ಮ ಮೇಲೆ ಕೈಯಿಟ್ಟು ಪ್ರಾರ್ಥಿಸೋಣ.