ಗಡಿನಾಡಿನ ಮುದುಕನ ಮೌನ

ಸಂಪತ್ತು ವಿಪತ್ತುಗಳೆರಡೂ ಸ್ಥಿರವಲ್ಲವೆಂಬುದು ಸರ್ವರೂ ಬಲ್ಲ ಮಾತು. ಮೇಘದೂತದ ಯಕ್ಷನು ಇವಕ್ಕೆ ತಿರುಗುವ ಚಕ್ರದ ಅಂಚನ್ನು ಹೋಲಿಸಿದನು. ಚೀನದವರಲ್ಲಿಯೂ ಈ ಅರ್ಥದ ನಾಣ್ಣುಡಿಗಳು ಬಹಳವಾಗಿವೆ. ತಡೆಯು ತುದಿಮುಟ್ಟಿದರೆ ಸುಗಮವು ಬರುವುದೆಂಬುದೊಂದು. ಸಂತೋಷದ ತುದಿಯಲ್ಲಿ ದುಃಖವು ಹುಟ್ಟುವುದೆಂಬುದು ಮತ್ತೊಂದು. ಇವೆಲ್ಲಕ್ಕಿಂತಲೂ ಪ್ರಸಿದ್ಧವಾದುದು ಗಡಿನಾಡಿನ ಮುದುಕನು ಕುದುರೆಯನ್ನು ಕಳೆದುಕೊಂಡನೆಂಬ ನುಡಿ. ಇದರ ಕಥೆಯು ಕ್ರಿ. ಪೂ. 2ನೆಯ ಶತಮಾನದಲ್ಲಿ ಲಿಯು ಆನ್ ಎಂಬ ಅರಸನ ಆಸ್ಥಾನದಲ್ಲಿ ಸಂಕಲಿತವಾದ ‘ಹ್ವಾಯ್‌ನಾನ್‌ಜಿ’ ಎಂಬ ಗ್ರಂಥದಲ್ಲಿದೆ.

ಮುದುಕನ ಕುದುರೆಯು ಗಡಿಯಾಚೆಗೆ ಓಡಿಹೋಯಿತು. ನೆರೆಯವರು ಮರುಗಿದರು. ಇದು ಒಳಿತಾಗಲಾರದೆಂದು ಹೇಗೆ ಹೇಳುವಿರೆಂದು ಅವನು ಕೇಳಿದನು. ಕೆಲವು ತಿಂಗಳ ಮೇಲೆ ಅದು ಉತ್ತಮಾಶ್ವಗಳೊಡನೆ ಹಿಂದಿರುಗಿತು. ನೆರೆಯವರು ಹಿಗ್ಗಿದರು, ಇದು ಕೇಡಾಗಲಾರದೆ ಎಂದನು. ಮಗನು ಕುದುರೆಯಿಂದ ಬಿದ್ದು ತೊಡೆಯನ್ನು ಮುರಿದುಕೊಂಡನು. ಆಗಲೂ ಮುದುಕನದು ಮೊದಲಿನ ಪ್ರಶ್ನೆಯೇ. ವರ್ಷದ ಬಳಿಕ ಯುದ್ಧವೊದಗಿತು. ಗಡಿಯ ತರುಣರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಮಡಿದರು. ಕುಂಟನಾದ ಮಗನು ಉಳಿದನು.

ಈ ಬಗೆಯ ಕಥೆಗಳನ್ನು ಅನೇಕ ವರ್ಷ ಪಾಠ ಹೇಳಿದೆನು; ಆದರೆ ಅವುಗಳ ಮರ್ಮವು ತಿಳಿದುದು ಇತ್ತೀಚೆಗೆ. 2021ರ ನವೆಂಬರಿನಲ್ಲಿ ಯಲಹಂಕದ ಕೆರೆಯು ಕೋಡಿ ಬಿದ್ದು ತಗ್ಗಿನ ಮನೆಗಳಿಗೆ ನೀರು ನುಗ್ಗಿತು. ಪುಟ್ಟೇನಹಳ್ಳಿಯಿಂದ ನಾನು ಅಲ್ಲಿಯ ಪರಿಚಿತರಾದ ದರ್ಜಿಯೊಬ್ಬರನ್ನು ಕಾಣಹೋದೆನು. ಹೊಲಿಗೆಯ ಯಂತ್ರವೂ ಗಿರಾಕಿಗಳ ಬಟ್ಟೆಗಳೂ ಕೆಸರಿನಲ್ಲಿದ್ದವು. ಸಮಾಧಾನಾರ್ಥವಾಗಿ ನಾನು ನಮ್ಮ ಯಲಹಂಕನಾಡ ಪ್ರಭುವಿನ ಕಥೆಯನ್ನು ತೆಗೆದೆನು: 1537ರಲ್ಲಿ ಬೆಂಗಳೂರನ್ನು ಕಟ್ಟಿಸಿದ ಕೆಂಪೇಗೌಡರು, ತಾವೇ ನಾಣ್ಯವನ್ನು ಟಂಕಿಸಿದುದಕ್ಕಾಗಿ ವಿಜಯನಗರದ ಅರಸರ ಕೋಪಕ್ಕೆ ಗುರಿಯಾಗಿ ಆನೆಗೊಂದಿಯಲ್ಲಿ ಸೆರೆಯಿದ್ದು, ಐದು ವರ್ಷಗಳ ಮೇಲೆ ಬಿಡುಗಡೆಹೊಂದಿ ಪುನಃ ಪ್ರಭುಗಳಾದರೆಂಬ ಐತಿಹ್ಯ. ಅವರು ತಾಳ್ಮೆಯಿಂದ ಕೇಳಿ, “ಮೇಷ್ಟ್ರೇ, ಸೆರೆಮನೆಯ ಬಾಗಿಲು ತೆರೆದ ಮೇಲೆ ಈ ಕಥೆ ಹುಟ್ಟಿತು. ನಾನಿನ್ನೂ ಒಳಗೇ ಇದ್ದೇನೆ” ಎಂದರು. ನಾನು ನಿರುತ್ತರನಾದೆನು.

ಮನೆಗೆ ಬಂದು ಚೀನದ ಕಥೆಯನ್ನು ಮತ್ತೆ ಚಿಂತಿಸಿದಾಗ ಎರಡು ಸಂಗತಿಗಳು ಹೊಳೆದವು. ಎಲ್ಲವೂ ಒಳಿತೇ ಆಗುವುದೆಂದು ಮುದುಕನು ಎಲ್ಲಿಯೂ ಹೇಳಲಿಲ್ಲ. ಹೇಗೆ ಬಲ್ಲಿರೆಂದು ಮಾತ್ರ ಕೇಳಿದನು. ಇದೇ ಸತ್ಯ, ಏಕೆಂದರೆ ಚಕ್ರವು ನಾವು ಮೆಚ್ಚಿದ ಕಡೆ ನಿಲ್ಲುವುದಿಲ್ಲ. ಕೆಂಪೇಗೌಡರ ವಂಶದವರೇ 1638ರಲ್ಲಿ ಬಿಜಾಪುರದ ಸೇನೆಗೆ ಬೆಂಗಳೂರನ್ನು ಸೋತು ಮಾಗಡಿಯನ್ನು ಆಶ್ರಯಿಸಿದರು. 1728ರಲ್ಲಿ ಅದೂ ಮೈಸೂರಿನವರ ವಶವಾಯಿತು.

ಎರಡನೆಯದು ಇನ್ನೂ ಗಹನವಾದುದು. ಮುದುಕನು ಆಡಿದ ಮಾತೆಲ್ಲವೂ ತನ್ನ ಕುದುರೆ, ತನ್ನ ಮಗ, ಇವರನ್ನು ಕುರಿತದ್ದು. ನೆರೆಯವರ ಮಕ್ಕಳು ಮಡಿದಾಗ ಅವನು ಏನೆಂದನೆಂದು ಕಥೆಯು ಹೇಳುವುದಿಲ್ಲ. ಅವನ ಮನೆಯ ಭಾಗ್ಯವು ಅವರ ಮನೆಗಳಲ್ಲಿ ಭಾಗ್ಯವಾಗಿರಲಿಲ್ಲ. ಅಲ್ಲಿ ಆ ಪ್ರಶ್ನೆಯನ್ನು ಕೇಳಿದ್ದರೆ ಅದು ವಿವೇಕವಾಗದೆ ಕ್ರೌರ್ಯವಾಗುತ್ತಿತ್ತು.

ಆದುದರಿಂದ ಭಾಗ್ಯಪರಿವರ್ತನೆಯ ತತ್ತ್ವವು ತನ್ನ ದುಃಖಕ್ಕೆ ತಾನೇ ಸೇವಿಸಬೇಕಾದ ಔಷಧ. ಅನ್ಯರ ಬಾಯಿಗೆ ಸುರಿಯತಕ್ಕದ್ದಲ್ಲ. ಅನ್ಯರ ದುಃಖಕ್ಕೆ ಬೇಕಾದುದು ಕೈಯ ನೆರವು. ಮರುದಿನ ನಾನು ಕಥೆಯನ್ನು ಮನೆಯಲ್ಲಿ ಬಿಟ್ಟು, ಪೊರಕೆಯೊಂದನ್ನು ಹಿಡಿದು ದರ್ಜಿಯ ಮನೆಗೆ ಹೋದೆನು.